ಉದ್ಯಾನದಲ್ಲೊಂದು ಯಂತ್ರದ ಅರವಟಿಗೆ

ಕೇರಳದ ಹೋಟೆಲಿನಲ್ಲಿ ಮೊದಲ ಸಲ ಊಟಕ್ಕೆ ಕೂತ ಕನ್ನಡಿಗರಿಗೆ ಎಲೆ ಹಾಕುವ ಮುಂಚೆಯೇ ಒಂದು ಅಚ್ಚರಿ ಕಾದಿರುತ್ತದೆ. ಲೋಟದಲ್ಲಿ ತಿಳಿಗುಲಾಬಿ ಬಣ್ಣದ ಬಿಸಿನೀರು! ಯಾರೋ ಬಣ್ಣದ ಕೈ ಅದ್ದಿ ತೊಳೆದರೇನೋ ಎಂದು ಅನುಮಾನಪಟ್ಟು ಕೆಲವರು ಲೋಟವನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಅದು ಪತಿಮುಖಂ ಮರದ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರು. ಕೆಲವೆಡೆ ಕರಿಂಗಾಲಿಯ ಚಕ್ಕೆ, ಕೆಲವೆಡೆ ಬರೀ ಜೀರಿಗೆ. ಭರ್ತಿ ಊಟ ಮಾಡಿದವರಿಗೂ ಅರ್ಧ ಚಹಾ ಕುಡಿದವರಿಗೂ ಅದು ಕೇಳಿದಷ್ಟು ಸಿಗುತ್ತದೆ. ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇರುವುದಿಲ್ಲ.

ಈ ಉಪಚಾರ ಹೋಟೆಲಿನ ಹೊಸ್ತಿಲಿಗೇ ಮುಗಿಯುತ್ತದೆ. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಬೆಳಗಿನ ಜಾವ ಸುತ್ತು ಹಾಕುವವರು, ಅಲ್ಲೇ ಹತ್ತಿರದ ಕನಕಕ್ಕುನ್ನಿನಲ್ಲಿ ಸಂಜೆ ಮಕ್ಕಳನ್ನು ಓಡಲು ಬಿಟ್ಟು ಕೂತ ತಾಯಂದಿರು, ಶಂಖುಮುಖಂ ದಡದಲ್ಲಿ ಸೂರ್ಯ ಮುಳುಗುವುದನ್ನು ಕಾಯುವವರು, ಎರ್ನಾಕುಳಂನ ಸುಭಾಷ್ ಪಾರ್ಕಿನ ಬೆಂಚಿನಲ್ಲಿ ಹಿನ್ನೀರಿಗೆ ಮುಖ ಮಾಡಿದವರು, ಇವರಿಗೆಲ್ಲ ಬಾಯಾರಿದರೆ ಕೈ ಹೋಗುವುದು ಜೇಬಿಗೆ. 2025ರ ಮೇ 2ರಂದು ಅಂತರರಾಷ್ಟ್ರೀಯ ಬಂದರು ವಿಧಿವತ್ತಾಗಿ ಉದ್ಘಾಟನೆಯಾದ ಮೇಲೆ ವಿಳಿಂಜಂ ಕೂಡ ಜನ ನೋಡಲು ಬರುವ ಊರಾಗಿದೆ. ದೂರದಲ್ಲಿ ನಿಂತ ದೈತ್ಯ ಹಡಗು, ಪಕ್ಕದಲ್ಲಿ ಕೋವಳಂ, ನೆತ್ತಿಯ ಮೇಲೆ ಉರಿಬಿಸಿಲು.

ಇಂಥ ಕಡೆಗಳಲ್ಲಿ ಪಾನೀಯದ ಯಂತ್ರ ಇಟ್ಟರೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಫೋನು ತೋರಿಸಿದರೆ ತಣ್ಣನೆಯ ಬಾಟಲಿ ಧೊಪ್ಪನೆ ಕೆಳಗೆ ಬೀಳುವ ಪೆಟ್ಟಿಗೆ ಈಗ ವಿಮಾನ ನಿಲ್ದಾಣ, ಐಟಿ ಕಚೇರಿ, ಆಸ್ಪತ್ರೆಗಳಲ್ಲಿ ಮಾಮೂಲಿ. ಅದು ಉದ್ಯಾನಕ್ಕೂ ಬಂದರೆ ತಪ್ಪೇನು?

ಭಾರತಕ್ಕೆ ಇಂಥ ಯಂತ್ರ ತೀರಾ ಹೊಸತಲ್ಲ. ರೈಲು ನಿಲ್ದಾಣದಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿದ್ದ ತೂಕದ ಯಂತ್ರ, ನಾಣ್ಯ ನುಂಗಿ ತೂಕದ ಜೊತೆಗೆ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿ ಉಗುಳುತ್ತಿದ್ದುದು ಐವತ್ತು ದಾಟಿದವರಿಗೆಲ್ಲ ನೆನಪಿದೆ. ದೆಹಲಿಯಲ್ಲಿ 1974ರಲ್ಲಿ ಆರಂಭವಾದ ಮದರ್ ಡೇರಿ, ಟೋಕನ್ ಹಾಕಿದರೆ ಗ್ರಾಹಕರ ಪಾತ್ರೆಗೇ ಹಾಲು ಸುರಿಯುವ ಯಂತ್ರಗಳನ್ನು ಬಡಾವಣೆ ಬಡಾವಣೆಯಲ್ಲಿ ನಿಲ್ಲಿಸಿತು. ಉಳಿದ ಕಡೆ ಯಂತ್ರಗಳಿಗೆ ದೊಡ್ಡ ಶತ್ರುವಾಗಿದ್ದದ್ದು ಚಿಲ್ಲರೆ. ಸವೆದ ನಾಣ್ಯ, ಮುದುಡಿದ ನೋಟು ಒಳಹೋಗದೆ ಯಂತ್ರಕ್ಕೆ ಒದೆ ಬೀಳುತ್ತಿತ್ತು. 2016ರಲ್ಲಿ ಬಂದ ಯುಪಿಐ ಆ ತಾಪತ್ರಯವನ್ನು ಬಹುಮಟ್ಟಿಗೆ ತೀರಿಸಿತು. ಉದ್ಯಾನದ ಯಂತ್ರ ಈಗ ಚರ್ಚೆಗೆ ಬರುವಂತಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಯಂತ್ರದ ಪರ ಹೇಳುವವರ ಮಾತಿನಲ್ಲಿ ಹುರುಳಿದೆ. ಕೇರಳದ ಬೇಸಿಗೆ ಮೊದಲಿನಂತಿಲ್ಲ. 2023ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವೇ ಸ್ಥಳೀಯ ಸಂಸ್ಥೆಗಳಿಗೆ ಹಣ ಕೊಟ್ಟು ಊರೂರಲ್ಲಿ ‘ತಣ್ಣೀರ್ ಪಂದಲ್’ ಹಾಕಿಸಿತು. ನೀರು, ಸಂಭಾರಂ ಅಂದರೆ ಮಸಾಲೆ ಮಜ್ಜಿಗೆ, ಓಆರ್‌ಎಸ್ ಅಲ್ಲಿ ಪುಕ್ಕಟೆ. ಪಂದಲ್ ಬೇಸಿಗೆಯ ಜೊತೆ ಎದ್ದುಹೋಗುತ್ತದೆ, ಯಂತ್ರ ವರ್ಷವಿಡೀ ನಿಲ್ಲುತ್ತದೆ. ನಡಿಗೆಗೆ ಜನ ಬರುವುದು ಅಂಗಡಿ ತೆರೆಯುವ ಮುಂಚೆ, ಹರಟೆಗೆ ಕೂರುವುದು ಅಂಗಡಿ ಮುಚ್ಚಿದ ಮೇಲೆ. ಆ ಎರಡೂ ಹೊತ್ತಿಗೆ ಯಂತ್ರ ಎಚ್ಚರವಾಗಿರುತ್ತದೆ. ‘ಕೂಲಿಂಗ್ ಚಾರ್ಜು’ ಎಂದು ಮುದ್ರಿತ ಬೆಲೆಯ ಮೇಲೆ ಎರಡು ರೂಪಾಯಿ ಕೀಳುವುದಿಲ್ಲ. ಜಾಗದ ಬಾಡಿಗೆಯಿಂದ ಪಾಲಿಕೆಗೂ ನಾಲ್ಕು ಕಾಸು.

ಇಲ್ಲಿ ಎಲ್ಲರೂ ಕೊಡುವ ಉದಾಹರಣೆ ಜಪಾನ್. ಆ ದೇಶದಲ್ಲಿ ಎಲ್ಲ ಬಗೆಯವೂ ಸೇರಿ ಸುಮಾರು 40 ಲಕ್ಷ ಮಾರಾಟ ಯಂತ್ರಗಳಿವೆ, ಅರ್ಧಕ್ಕಿಂತ ಹೆಚ್ಚು ಪಾನೀಯದವು. ಲೆಕ್ಕ ಹಾಕಿದರೆ ಮೂವತ್ತು ಜನಕ್ಕೊಂದು. ಉದ್ಯಾನ, ದೇವಾಲಯದ ದಾರಿ, ಗದ್ದೆಯಂಚು ಎಲ್ಲೆಲ್ಲೂ ಅವು ನಿಂತಿವೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಬದಿ ತಣ್ಣನೆಯ ಹಸಿರು ಚಹಾ, ಇನ್ನೊಂದು ಬದಿ ಬಿಸಿ ಕಾಫಿ. ಭೂಕಂಪವಾದಾಗ ಒಳಗಿರುವುದನ್ನು ಉಚಿತವಾಗಿ ಕೊಡುವಂತೆ ಸಜ್ಜುಗೊಳಿಸಿದ ಯಂತ್ರಗಳೂ ಅಲ್ಲಿವೆ. ಹಳೆಯ ನಗರ ಕ್ಯೋಟೋದಲ್ಲಿ ಸುತ್ತಲಿನ ನೋಟ ಕೆಡದಿರಲೆಂದು ಹಲವು ಯಂತ್ರಗಳಿಗೆ ಮಂಕು ಕಂದು ಬಣ್ಣ. ಈ ಸಂಗತಿ ತಿರುವನಂತಪುರಕ್ಕೆ ತೀರ ಪ್ರಸ್ತುತ. ರಾಬರ್ಟ್ ಚಿಸಮ್ ವಿನ್ಯಾಸ ಮಾಡಿದ, 1880ರಲ್ಲಿ ಪೂರ್ಣಗೊಂಡ ನೇಪಿಯರ್ ಮ್ಯೂಸಿಯಂ ಕಟ್ಟಡದ ಮುಂದೆ ರಾತ್ರಿಯೆಲ್ಲ ಕೆಂಪಗೆ ಉರಿಯುವ ಪೆಟ್ಟಿಗೆಯೊಂದನ್ನು ಊಹಿಸಿಕೊಂಡರೆ ಸಾಕು.

ಆದರೆ ಜಪಾನಿನಲ್ಲಿ ಯಂತ್ರ ಬಾಳಿಕೆ ಬಂದದ್ದು ಯಂತ್ರದ ಗುಣದಿಂದಷ್ಟೇ ಅಲ್ಲ. ಅಲ್ಲಿ ಕೂಲಿ ದುಬಾರಿ, ಅಂಗಡಿಗೆ ಆಳು ಸಿಗುವುದು ಕಷ್ಟ. ಸರಕು ತುಂಬುವವರು ಬಂದಾಗಲೆಲ್ಲ ಪಕ್ಕದ ಡಬ್ಬಿಯಿಂದ ಖಾಲಿ ಬಾಟಲಿಯನ್ನೂ ಒಯ್ಯುತ್ತಾರೆ. ವಿದ್ಯುತ್ ಕೈಕೊಡುವುದು ಅಪರೂಪ. ಹಾಗಿದ್ದೂ 2011ರ ಸುನಾಮಿ, ಫುಕುಶಿಮಾ ಅಣುಸ್ಥಾವರ ದುರಂತದ ನಂತರ ವಿದ್ಯುತ್ ಅಭಾವ ತಲೆದೋರಿದಾಗ ಟೋಕಿಯೋದ ಅಂದಿನ ಗವರ್ನರ್ ಶಿಂತಾರೋ ಇಶಿಹಾರ ಮೊದಲು ಬೆರಳು ತೋರಿಸಿದವುಗಳಲ್ಲಿ ಈ ಯಂತ್ರಗಳೂ ಇದ್ದವು. ಹಗಲಿರುಳು ಕಂಪ್ರೆಸರ್ ಓಡಿಸುವ ಗಾಜಿನ ಬಾಗಿಲಿನ ಪೆಟ್ಟಿಗೆ ದಿನಕ್ಕೆ ಹಲವು ಯೂನಿಟ್ ವಿದ್ಯುತ್ ಎಳೆಯುತ್ತದೆ. ಬಿಸಿಲಿಗೆ ಒಡ್ಡಿದರೆ ಇನ್ನೂ ಹೆಚ್ಚು. ವಿಳಿಂಜಂ, ಶಂಖುಮುಖಂಗಳಲ್ಲಿ ಅದಕ್ಕೆ ಉಪ್ಪುಗಾಳಿಯ ಕಾಟವೂ ಉಂಟು. ಕಡಲಂಚಿನ ಮನೆಗಳ ಕಿಟಕಿ ಸರಳನ್ನೇ ತಿನ್ನುವ ಗಾಳಿ ತಗಡಿನ ಪೆಟ್ಟಿಗೆಯನ್ನು ಬಿಟ್ಟೀತೇ?

ಯಂತ್ರ ಎಂಥದೆನ್ನುವುದಕ್ಕಿಂತ ಅದರ ಹೊಟ್ಟೆಯಲ್ಲಿ ಏನಿರುತ್ತದೆ ಎನ್ನುವುದು ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ ಇಂಥ ಪೆಟ್ಟಿಗೆಯ ಕಣ್ಣಿಗೆ ಕಾಣುವ ಸಾಲುಗಳೆಲ್ಲ ಸಿಹಿ ಪಾನೀಯಕ್ಕೆ ಮೀಸಲು. ನೀರಿಗೆ ಕೆಳಗಿನ ಮೂಲೆ. 100 ಮಿಲಿಲೀಟರ್ ಕೋಲಾದಲ್ಲಿ ಸುಮಾರು ಹತ್ತೂವರೆ ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಸಣ್ಣ ಬಾಟಲಿ ಮುಗಿಸಿದರೆ 26 ಗ್ರಾಂ, ಅಂದರೆ ಆರೂವರೆ ಚಹಾ ಚಮಚೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನವಿಡೀ ಇಷ್ಟಕ್ಕೆ ನಿಲ್ಲಿಸಿದರೆ ಒಳ್ಳೆಯದು ಎನ್ನುವ ಪ್ರಮಾಣ ಸುಮಾರು 25 ಗ್ರಾಂ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಕೇರಳದ ವಯಸ್ಕರಲ್ಲಿ ಶೇ 25.5ರಷ್ಟು ಮಂದಿಗೆ ಮಧುಮೇಹ. ನಾಲ್ವರಲ್ಲಿ ಒಬ್ಬರು! ಮ್ಯೂಸಿಯಂ ಆವರಣದಲ್ಲಿ ಬೆಳಗ್ಗೆ ಬೆವರು ಸುರಿಸುವವರಲ್ಲಿ ಎಷ್ಟೋ ಮಂದಿ ವೈದ್ಯರ ಮಾತು ಕೇಳಿ ಬಂದವರು. ಅವರ ಐದನೆಯ ಸುತ್ತಿನ ಕೊನೆಗೆ ಕೋಲಾ ಪೆಟ್ಟಿಗೆ ನಿಲ್ಲಿಸುವುದು ಮದ್ದು ಕೊಟ್ಟು ಪಥ್ಯ ಕೆಡಿಸಿದ ಹಾಗೆ.

ಮಕ್ಕಳ ವಿಷಯದಲ್ಲಿ ಕಾಯ್ದೆಯೇ ಒಂದು ಗೆರೆ ಎಳೆದಿದೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿತು. ಸಂಜೆ ನಾಲ್ಕರವರೆಗೆ ಶಾಲೆಯಲ್ಲಿದ್ದ ಅದೇ ಮಗು ಐದಕ್ಕೆ ಉದ್ಯಾನದ ಜಾರುಬಂಡಿಯ ಮೇಲಿರುತ್ತದೆ, ಅಲ್ಲಿ ಆ ಗೆರೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಹಿಯ ಸೋಡಾ ಪಾನೀಯಗಳ ಮೇಲಿನ ಜಿಎಸ್‌ಟಿ ಶೇ 40. ಸರ್ಕಾರಗಳೇ ಅತಿ ಹೆಚ್ಚಿನ ತೆರಿಗೆಯ ಪಟ್ಟಿಗೆ ಸೇರಿಸಿದ ಸರಕಿಗೆ ಸಾರ್ವಜನಿಕ ಜಾಗದಲ್ಲಿ ನೆರಳು, ಕರೆಂಟು ಕೊಡುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಕೋಲಾ ಎಂದರೆ ಕೇರಳಕ್ಕೆ ಬೇರೆಯದೇ ನೆನಪೂ ಇದೆ. ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಾಡದಲ್ಲಿ 2000ದಲ್ಲಿ ಕೋಕಾ-ಕೋಲಾ ಘಟಕ ಶುರುವಾಯಿತು. ಸುತ್ತಲಿನ ಬಾವಿಗಳು ಬತ್ತಿದವು, ನೀರು ಕೆಟ್ಟಿತು ಎಂದು 2002ರಲ್ಲಿ ಆದಿವಾಸಿಗಳು ಗೇಟಿನ ಮುಂದೆ ಕೂತರು, ಮುಂಚೂಣಿಯಲ್ಲಿದ್ದದ್ದು ಮಯಿಲಮ್ಮ. ಪೆರುಮಾಟ್ಟಿ ಪಂಚಾಯಿತಿ ಪರವಾನಗಿ ನವೀಕರಿಸಲು ಒಪ್ಪಲಿಲ್ಲ, 2004ರ ಮಾರ್ಚಿನಲ್ಲಿ ಘಟಕ ನಿಂತಿತು. ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ 2010ರಲ್ಲಿ ಹಾನಿಯನ್ನು 216.26 ಕೋಟಿ ರೂಪಾಯಿ ಎಂದು ಅಂದಾಜಿಸಿತು. ನಡುವೆ 2006ರ ಆಗಸ್ಟಿನಲ್ಲಿ ಕೀಟನಾಶಕದ ಅಂಶ ಇದೆಯೆಂಬ ವರದಿ ಬಂದಾಗ ರಾಜ್ಯ ಕೋಕ್, ಪೆಪ್ಸಿ ಎರಡನ್ನೂ ನಿಷೇಧಿಸಿತ್ತು. ಮರುತಿಂಗಳೇ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಬಾಟಲಿಯ ಆ ತುದಿಯಲ್ಲಿ ಯಾರದೋ ಬಾವಿ ಇರುತ್ತದೆ ಎಂಬುದನ್ನು ಮಲಯಾಳಿಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಬಾಟಲಿಯ ಈ ತುದಿಯಲ್ಲಿ ಏನಿರುತ್ತದೆ? 2024ರ ಜುಲೈ 13ರಂದು ತಿರುವನಂತಪುರ ಸೆಂಟ್ರಲ್ ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮಯಿಳಂಜಾನ್ ತೋಡು ಎಂಬ ಕಾಲುವೆಯಲ್ಲಿ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋದರು. ಮುಳುಗುಗಾರರು ಪ್ಲಾಸ್ಟಿಕ್ಕಿನ ಗುಡ್ಡದಲ್ಲೇ ದಾರಿ ಮಾಡಿಕೊಂಡು ಹುಡುಕಬೇಕಾಯಿತು. ಮೂರನೆಯ ದಿನ ಹೆಣ ಸಿಕ್ಕಿತು. ಅದಕ್ಕೂ ಮೊದಲು, 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಹನ್ನೆರಡು ದಿನದ ಹೊತ್ತು ನಗರ ಹೊಗೆಯಲ್ಲಿ ಉಸಿರಾಡಿತ್ತು. ಹಸಿರು ನ್ಯಾಯಮಂಡಳಿ ಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು.

ಕಡಲಿನದು ಇನ್ನೊಂದು ಕಥೆ. 2025ರ ಮೇ ತಿಂಗಳಲ್ಲಿ ವಿಳಿಂಜಂನಿಂದ ಕೊಚ್ಚಿಗೆ ಹೊರಟ ಎಂಎಸ್‌ಸಿ ಎಲ್ಸಾ 3 ಹಡಗು ದಾರಿಯಲ್ಲಿ ವಾಲಿ, 25ರಂದು 640 ಕಂಟೇನರುಗಳ ಸಮೇತ ಮುಳುಗಿತು. ಸಿಬ್ಬಂದಿ 24 ಮಂದಿಯೂ ಬದುಕಿದರು. ಕೆಲವೇ ದಿನಗಳಲ್ಲಿ ತಿರುವನಂತಪುರದ ದಡಗಳಿಗೆ ಸಾಬೂದಾನಿಯಂಥ ಬಿಳಿ ಕಾಳುಗಳು ಬಂದು ಬಿದ್ದವು. ಅವು ಪ್ಲಾಸ್ಟಿಕ್ ಸಾಮಾನು ತಯಾರಿಸುವ ಕಚ್ಚಾ ಹರಳು. ಸ್ವಯಂಸೇವಕರು ಮರಳನ್ನು ಜರಡಿ ಹಿಡಿದು ಕಾಳು ಹೆಕ್ಕಿದರು. ಆ ದಡದಲ್ಲಿ ಬಾಟಲಿ ಉದುರಿಸುವ ಯಂತ್ರ ಇಡುವ ಮಾತಾಡುವವರು, ಉದುರಿದ ಬಾಟಲಿ ಮರಳಿ ಹೋಗುವ ದಾರಿಯನ್ನು ಮೊದಲು ತೋರಿಸಬೇಕಾಗುತ್ತದೆ.

ಗೇಟಿನ ಹೊರಗಿನ ಮನುಷ್ಯರನ್ನೂ ಮರೆಯುವಂತಿಲ್ಲ. ಕರಿಕ್ಕು ಎಂದು ಕರೆಯುವ ಎಳನೀರಿನ ಗೊನೆ ಕಟ್ಟಿದವರು, ನನ್ನಾರಿ ಸರ್ಬತ್ತಿನ ಗಾಡಿಯವರು, ಲೋಟದ ಮೇಲೆ ಲೋಟ ಮುಚ್ಚಿ ಗಲಗಲ ಕುಲುಕುವ ಕುಲುಕ್ಕಿ ಸರ್ಬತ್ತಿನವರು, ಉಪ್ಪು ಹಾಕಿದ ನಿಂಬೆಹಣ್ಣಿನ ನಾರಂಗಾವೆಳ್ಳಂ ಮಾರುವವರು. ಇವರ ಸರಕಿಗೆ ಪ್ಲಾಸ್ಟಿಕ್ ಬಾಟಲಿ ಬೇಕಿಲ್ಲ, ಕಂಪ್ರೆಸರೂ ಬೇಕಿಲ್ಲ. ಉಳಿಯುವ ಕಸವೆಂದರೆ ಎಳನೀರಿನ ಬುರುಡೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟು, ಯಾರು ಎಲ್ಲಿ ಮಾರಬೇಕೆಂಬ ಚರ್ಚೆಗೆ ನಗರ ವ್ಯಾಪಾರ ಸಮಿತಿ ಇರಬೇಕೆಂದು ಹೇಳುತ್ತದೆ. ಗೇಟಿನೊಳಗೆ ಯಂತ್ರ ಬರುವ ನಿರ್ಧಾರ ಆ ಸಮಿತಿಯ ಮುಂದೆ ಬಾರದೆ ಆಗಬಾರದು. ಯಂತ್ರವೇ ಏಕೆ, ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಮಹಿಳೆಯರ ಗೂಡಂಗಡಿ ಸಾಲದೇ ಎಂಬ ಪ್ರಶ್ನೆಯೂ ಅಲ್ಲೇ ಇತ್ಯರ್ಥವಾಗಲಿ. ಕೊಚ್ಚಿ ಪಾಲಿಕೆ 2021ರಲ್ಲಿ ಅವರ ಕೈಗೆ ಕೊಟ್ಟ ‘ಸಮೃದ್ಧಿ’ ಹೋಟೆಲು 10 ರೂಪಾಯಿಗೆ ಊಟ ಹಾಕಿ ಹೆಸರು ಮಾಡಿತು.

ಇಷ್ಟಾದ ಮೇಲೂ ಯಂತ್ರ ಬೇಡವೇ ಬೇಡ ಎಂದು ಕೈ ಕೊಡವಲು ಸಾಧ್ಯವಿಲ್ಲ. ಏಕೆಂದರೆ ಯಂತ್ರದಲ್ಲಿ ಎರಡು ಜಾತಿ. ಒಂದು ಬಾಟಲಿ ಉದುರಿಸುವುದು. ಇನ್ನೊಂದು, ತಂದ ಬಾಟಲಿಗೆ ಶುದ್ಧ ನೀರು ತುಂಬಿಸುವುದು. ಮೊದಲನೆಯದು ಆಳಿಲ್ಲದ ಅಂಗಡಿ. ಎರಡನೆಯದು ನಮ್ಮ ಅರವಟಿಗೆಯ ಮೊಮ್ಮಗು. ತಿರುವಾಂಕೂರಿನ ಹಳೆಯ ಹಾದಿಗಳಲ್ಲಿ ದಾರಿಹೋಕರಿಗೆ ತಂಗಲು ವಳಿಯಂಬಲ, ಬಾವಿ, ತಲೆಹೊರೆ ಇಳಿಸಿಕೊಳ್ಳಲು ಕಲ್ಲಿನ ಅತ್ತಾಣಿ ಇರುತ್ತಿದ್ದವು. ಕೊಚ್ಚಿ ವಿಮಾನ ನಿಲ್ದಾಣದ ಹತ್ತಿರದ ಊರೊಂದು ಇಂದಿಗೂ ಅತ್ತಾಣಿ ಎಂಬ ಹೆಸರನ್ನೇ ಉಳಿಸಿಕೊಂಡಿದೆ. ಬಿಸಿಲಲ್ಲಿ ನಡೆದವರಿಗೆ ನೀರು ಕೊಡುವುದು ಅಲ್ಲಿ ವ್ಯಾಪಾರವಾಗಿರಲಿಲ್ಲ, ರಸ್ತೆಯದೇ ಒಂದು ಭಾಗವಾಗಿತ್ತು.

ಹಾಗಾದರೆ ಬರೀ ನಲ್ಲಿ ಸಾಲದೇ? ರೋಮ್ ನಗರದಲ್ಲಿ 1874ರಿಂದ ಬೀದಿಬದಿ ನಲ್ಲಿಗಳಿವೆ, ಈಗ ಸುಮಾರು 2,500. ಯಾರು ಬೇಕಾದರೂ ಬೊಗಸೆ ಒಡ್ಡಬಹುದು. ಕೇರಳದಲ್ಲಿ ಜನ ಹಾಗೆ ಬೊಗಸೆ ಒಡ್ಡಲು ಹಿಂಜರಿಯುವುದಕ್ಕೆ ಕಾರಣ ಇದೆ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೆಂಗೂರಿನಲ್ಲಿ ಕಾಮಾಲೆ ಹರಡಿದಾಗ ಬೆರಳು ಹೋದದ್ದು ನಲ್ಲಿ ನೀರಿನ ಕಡೆಗೇ. ಹೋಟೆಲಿನ ಗುಲಾಬಿ ನೀರು ಕುದಿಸಿದ್ದಾಗಿರುವುದು ಸುಮ್ಮನೆ ಅಲ್ಲ. ಆದ್ದರಿಂದ ಶೋಧಿಸಿ, ನೇರಳಾತೀತ ಬೆಳಕು ಹಾಯಿಸಿ ಕೊಡುವ ಯಂತ್ರಕ್ಕೆ ಇಲ್ಲಿ ಅರ್ಥವಿದೆ. 2025ರ ಜೂನಿನಲ್ಲಿ ಕೇರಳ ಹೈಕೋರ್ಟ್ ಬೆಟ್ಟಸೀಮೆಯ ಪ್ರವಾಸಿ ತಾಣಗಳಲ್ಲಿ ಐದು ಲೀಟರಿಗಿಂತ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿ, ಎರಡು ಲೀಟರಿಗಿಂತ ಸಣ್ಣ ತಂಪು ಪಾನೀಯದ ಬಾಟಲಿಗಳನ್ನು ನಿಷೇಧಿಸಲು ಆದೇಶಿಸಿದಾಗ, ಬದಲಿಗೆ ನೀರು ತುಂಬಿಸಿಕೊಳ್ಳುವ ಕಿಯೋಸ್ಕ್ ಇಡಬೇಕೆಂದೂ ಹೇಳಿತು. ಬಂಡೀಪುರ ದಾಟಿ ಊಟಿಗೆ ಹೋಗುವ ಕನ್ನಡಿಗರಿಗೆ ಇದು ಗೊತ್ತಿರುವ ಪಾಠ. ಗಡಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಕಸಿಯುತ್ತಾರೆ, ನೀಲಗಿರಿಯೊಳಗೆ ನೀರಿನ ಎಟಿಎಂ ಕಾಣುತ್ತದೆ.

ಈ ಯಂತ್ರದ ಸಂಕಟ ಶುರುವಾಗುವುದು ಉದ್ಘಾಟನೆಯ ಮರುದಿನದಿಂದ. ಸುಮಾರು ಹತ್ತು ವರ್ಷದ ಹಿಂದೆ ರೈಲು ನಿಲ್ದಾಣಗಳಲ್ಲಿ ನೀರಿನ ಯಂತ್ರ ಬಂದಾಗ ಸ್ವಂತ ಬಾಟಲಿಗೆ ಲೀಟರಿಗೆ 5 ರೂಪಾಯಿ, ಒಂದು ಲೋಟಕ್ಕೆ 1 ರೂಪಾಯಿ ಇತ್ತು. ಜನ ಸಾಲು ನಿಂತರು. ಕೆಲವೇ ವರ್ಷಗಳಲ್ಲಿ ಹಲವು ನಿಲ್ದಾಣಗಳಲ್ಲಿ ಅವು ಧೂಳು ಹಿಡಿದವು. ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕಗಳು ಎಷ್ಟೋ ಮನೆಗಳಿಗೆ ಫ್ಲೋರೈಡ್‌ನಿಂದ ಬಿಡುಗಡೆ ಕೊಟ್ಟವು. ಕೆಟ್ಟು ನಿಂತ ಘಟಕಗಳ ಲೆಕ್ಕ ವಿಧಾನಮಂಡಲದಲ್ಲಿ ಪದೇ ಪದೇ ಕೇಳಿಬರುವುದೂ ಅಷ್ಟೇ ನಿಜ. ವಿಳಿಂಜಂಗೆ ಇದರ ಅನುಭವ ಮೊದಲೇ ಆಗಿದೆ. 1991ರಲ್ಲಿ ಮದ್ರಾಸ್ ಐಐಟಿಯ ತಜ್ಞರು ಅಲ್ಲಿನ ಮೀನುಗಾರಿಕಾ ಬಂದರಿನಲ್ಲಿ ಸಮುದ್ರದ ಅಲೆಯಿಂದ ವಿದ್ಯುತ್ ತೆಗೆಯುವ 150 ಕಿಲೋವ್ಯಾಟ್ ಸ್ಥಾವರ ಕಟ್ಟಿದರು. ಮುಂದೆ ಆ ವಿದ್ಯುತ್ತಿನಿಂದಲೇ ದಿನಕ್ಕೆ 10 ಸಾವಿರ ಲೀಟರ್ ಉಪ್ಪುನೀರನ್ನು ಸಿಹಿಯಾಗಿಸುವ ಪ್ರಯೋಗವೂ ನಡೆಯಿತು. ದೇಶವೇ ತಿರುಗಿ ನೋಡಿದ ಆ ಸ್ಥಾವರ ಇಂದು ಓಡುತ್ತಿಲ್ಲ.

ಇನ್ನು ಜನ ಬಾಟಲಿ ತರುತ್ತಾರೆಯೇ ಎಂಬ ಅನುಮಾನ. 2015ರಲ್ಲಿ ಕೇರಳದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಾಜ್ಯದ ನೈರ್ಮಲ್ಯ ಸಂಸ್ಥೆ ಶುಚಿತ್ವ ಮಿಷನ್ ‘ಹಸಿರು ಶಿಷ್ಟಾಚಾರ’ ತಂದು ಸ್ಟೀಲಿನ ತಟ್ಟೆ, ಲೋಟ ಬಳಕೆಗೆ ಹಚ್ಚಿತು. ಆ ಪಾಠ ಆಟ್ಟುಕಾಲ್ ಪೊಂಗಾಲಕ್ಕೂ ಬಂತು. ಒಂದೇ ದಿನ ತಿರುವನಂತಪುರದ ಬೀದಿಗಳಲ್ಲಿ ಲಕ್ಷಾಂತರ ಹೆಂಗಸರು ಒಲೆ ಹೂಡುವ ಹಬ್ಬದಲ್ಲಿ ತಟ್ಟೆ, ಲೋಟ ಮನೆಯಿಂದಲೇ ತನ್ನಿ ಎಂಬ ಮನವಿಗೆ ಕಿವಿಗೊಟ್ಟವರು ಬಹಳ. ಕರ್ನಾಟಕದಿಂದ ಶಬರಿಮಲೆಗೆ ಹೋದ ಮಾಲಾಧಾರಿಗಳು ದಾರಿಯುದ್ದಕ್ಕೂ ಕೊಡುವ ಶುಂಠಿಯ ಚುಕ್ಕುವೆಳ್ಳಂ ಕುಡಿದೇ ಬೆಟ್ಟ ಹತ್ತಿರುತ್ತಾರೆ. ಅಲ್ಲಿ ಠೇವಣಿ ಕಟ್ಟಿ ಸ್ಟೀಲ್ ಬಾಟಲಿ ಪಡೆದು, ಇಳಿಯುವಾಗ ಮರಳಿಸಿ ಹಣ ವಾಪಸು ಪಡೆಯುವ ವ್ಯವಸ್ಥೆಯನ್ನೂ ಮಾಡಲಾಗಿತ್ತು.

ಎಲ್ಲ ತೂಗಿ ನೋಡಿದರೆ ತೀರ್ಪು ಅಷ್ಟೇನೂ ಕಷ್ಟವಲ್ಲ. ಮ್ಯೂಸಿಯಂ ಆವರಣ, ಸುಭಾಷ್ ಪಾರ್ಕ್, ವಿಳಿಂಜಂ ದಡ ಎಲ್ಲೇ ಆಗಲಿ, ನೀರು ತುಂಬಿಸುವ ಯಂತ್ರ ಬರಲಿ. ಅದು ಉದ್ಯಾನದ ನಡುವೆ ಬೇಡ, ಗೇಟಿನ ಪಕ್ಕ ನೆರಳಿನಲ್ಲಿರಲಿ. ಪಾಲಿಕೆ ಟೆಂಡರು ಕರೆಯುವಾಗ ಯಂತ್ರದ ಬೆಲೆಯ ಜೊತೆಗೆ ಐದು ವರ್ಷದ ನಿರ್ವಹಣೆಯನ್ನೂ ಬರೆಸಿಕೊಳ್ಳಲಿ, ನೀರಿನ ಪರೀಕ್ಷೆಯ ತಾರೀಖು ಯಂತ್ರದ ಮೈಮೇಲೆ ಕಾಣಲಿ, ಕೆಟ್ಟ ದಿನಗಳಿಗೆ ದಂಡ ಇರಲಿ. ಫೋನಿಲ್ಲದ ಅಜ್ಜನಿಗೆ, ಆಟದ ಮಗುವಿಗೆ ಒಂದು ಲೋಟ ನೀರು ಪುಕ್ಕಟೆ ಸಿಗಲಿ. ಸಿಹಿ ಪಾನೀಯದ ಪೆಟ್ಟಿಗೆಗೆ ಉದ್ಯಾನದಲ್ಲಿ ಜಾಗ ಬೇಡ. ಎಳನೀರಿನವರು ಇದ್ದಲ್ಲೇ ಇರಲಿ. 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಕಾವಲಿನಲ್ಲಿರುವ ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಿಗೂ ಇದೇ ಮಾತು ಸಲ್ಲುತ್ತದೆ.

ಬಾಟಲಿ ಮಾರುವ ಯಂತ್ರವೇ ಬೇಕೆಂದು ಹಟ ಹಿಡಿಯುವವರಿಗೆ ತಿರುವನಂತಪುರದಲ್ಲೇ ಒಂದು ಮಾದರಿ ಇದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮದ್ಯ ಮಾರಾಟ ನಿಗಮ ಈ ಜಿಲ್ಲೆಯ ಹಾಗೂ ಕಣ್ಣೂರಿನ ಹತ್ತು ಹತ್ತು ಮಳಿಗೆಗಳಲ್ಲಿ ಪ್ರತಿ ಪ್ಲಾಸ್ಟಿಕ್ ಬಾಟಲಿಗೆ 20 ರೂಪಾಯಿ ಠೇವಣಿ ಪಡೆದು, ಖಾಲಿ ಬಾಟಲಿ ತಂದವರಿಗೆ ಮರಳಿಸುವ ಪದ್ಧತಿಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. ಉದ್ಯಾನದಲ್ಲಿ ಬಾಯಾರಿದವರು ಕೊಳ್ಳುವ ನೀರಿನ ಬಾಟಲಿಗೆ ಅಂಥ ಠೇವಣಿ ಇನ್ನೂ ಬಂದಿಲ್ಲ.